ಪೆಟ್ಟಿಗೆಗೆ ಚಕ್ರ ಯಾಕೆ ಇರಲಿಲ್ಲ?

ಕಳೆದ ದೀಪಾವಳಿಗೆ ಅಮ್ಮ ಊರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದರು. ಠಾಣೆಯಲ್ಲಿ ಇಳಿದಾಗ ಜೊತೆಗೊಂದು ಚಕ್ರದ ಸೂಟ್‌ಕೇಸ್. ಅದರೊಳಗೆ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಎರಡು ಬಾಟಲಿ ತೆಂಗಿನೆಣ್ಣೆ. ನಾನು ಕೈ ಚಾಚಿದರೂ ಕೊಡದೆ ತಾವೇ ಉರುಳಿಸಿಕೊಂಡು ಬಂದರು. ಪ್ಲಾಟ್‌ಫಾರ್ಮಿನ ಕೊನೆ ತಲುಪಿದ ಮೇಲೆ ನಿಂತು, "ಮದುವೆಯಾಗಿ ಮೊದಲ ಸಲ ಈ ಊರಿಗೆ ಬಂದಾಗ ನಿನ್ನ ಅಪ್ಪನ ಕಬ್ಬಿಣದ ಟ್ರಂಕಿನ ಒಂದು ಕಿವಿ ನಾನು ಹಿಡಿದಿದ್ದೆ, ಇನ್ನೊಂದು ಅವರು. ಅಂಗೈ ಬೊಕ್ಕೆ ಬಂದಿತ್ತು. ಗಾಡಿಗೆ ಚಕ್ರ ಆಗಲೂ ಇತ್ತಲ್ಲ ಮಗಾ, ಪೆಟ್ಟಿಗೆಗೆ ಯಾಕೆ ಇರಲಿಲ್ಲ?" ಎಂದರು.

ನಾನು ಎಂಜಿನಿಯರಿಂಗ್ ಓದಿದವನು. ಆದರೂ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಚಕ್ರಕ್ಕೆ ಐದು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಪೆಟ್ಟಿಗೆಯೂ ಹಳೆಯದೇ. ಇವೆರಡನ್ನೂ ಕೂಡಿಸಿ ಅಂಗಡಿಯಲ್ಲಿ ಮಾರುವಂತೆ ಮಾಡಿದ ಹೆಸರು ಸಾಮಾನ್ಯವಾಗಿ ಸಲ್ಲುವುದು ಅಮೆರಿಕದ ಬರ್ನಾರ್ಡ್ ಸಾಡೋ ಎಂಬವರಿಗೆ. ಸೂಟ್‌ಕೇಸ್ ತಯಾರಿಸುವ ಕಂಪನಿಯೊಂದರ ಉಪಾಧ್ಯಕ್ಷರಾಗಿದ್ದ ಅವರು 1970ರಲ್ಲಿ ಕುಟುಂಬದೊಡನೆ ಪ್ರವಾಸ ಮುಗಿಸಿ ಮರಳುವಾಗ ಎರಡು ಭಾರದ ಸೂಟ್‌ಕೇಸ್ ಹೊತ್ತು ವಿಮಾನ ನಿಲ್ದಾಣದಲ್ಲಿ ಕಷ್ಟಪಡುತ್ತಿದ್ದರು. ಪಕ್ಕದಲ್ಲೇ ಕೆಲಸಗಾರನೊಬ್ಬ ದೊಡ್ಡ ಯಂತ್ರವನ್ನು ಚಕ್ರದ ಹಲಗೆಯ ಮೇಲಿಟ್ಟು ಸಲೀಸಾಗಿ ತಳ್ಳಿಕೊಂಡು ಹೋದ. ಸಾಡೋ ಮನೆಗೆ ಬಂದು ಸೂಟ್‌ಕೇಸಿಗೆ ನಾಲ್ಕು ಚಕ್ರ ಹಾಕಿ, ಎಳೆಯಲು ಪಟ್ಟಿ ಕಟ್ಟಿದರು. 1972ರಲ್ಲಿ ಪೇಟೆಂಟ್ ಸಿಕ್ಕಿತು. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರಲ್ಲಿ. ಇಂದು ನಾವು ಬಳಸುವ, ನಿಲ್ಲಿಸಿ ಎಳೆಯುವ, ಹಿಡಿಕೆ ಮೇಲೆ ಬರುವ ಮಾದರಿಗೆ ಇನ್ನೂ ಕಾಯಬೇಕಾಯಿತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ಅದನ್ನು ತಂದರು.

ಸಾಡೋ ತಮ್ಮ ಮಾದರಿ ಹಿಡಿದು ನ್ಯೂಯಾರ್ಕಿನ ಅಂಗಡಿ ಅಂಗಡಿ ಸುತ್ತಿದಾಗ ಮೊದಮೊದಲು ಎಲ್ಲರೂ ಬೇಡವೆಂದರಂತೆ. ಗಂಡಸಾದವನು ಪೆಟ್ಟಿಗೆ ಎತ್ತಬೇಕೇ ಹೊರತು ಎಳೆದುಕೊಂಡು ಹೋಗುವುದೇ ಎಂಬ ಭಾವನೆ ಇತ್ತು ಎಂದು ಅವರೇ ಮುಂದೆ ಹೇಳಿದ್ದಾರೆ. ಸ್ವೀಡನ್ನಿನ ಲೇಖಕಿ ಕತ್ರೀನ್ ಮಾರ್ಸಲ್ ಇನ್ನೂ ಹಿಂದಕ್ಕೆ ಹೋಗಿ ತೋರಿಸಿರುವ ಹಾಗೆ, ಪೆಟ್ಟಿಗೆಗೆ ಚಕ್ರ ಕಟ್ಟುವ ಸಲಕರಣೆ 1940ರ ದಶಕದಲ್ಲೇ ಬ್ರಿಟನ್ನಿನ ಪತ್ರಿಕೆಗಳ ಜಾಹೀರಾತಿನಲ್ಲಿತ್ತು. ಅದು ಹೆಂಗಸರ ವಸ್ತುವೆಂದು ಮೂಲೆಗೆ ಬಿತ್ತು. ಹೆಂಗಸರು ಒಂಟಿಯಾಗಿ ದೂರ ಪ್ರಯಾಣ ಮಾಡುವುದು ಸಾಮಾನ್ಯವಾದ ಮೇಲೇ ಚಕ್ರಕ್ಕೆ ಬೇಡಿಕೆ ಬಂದದ್ದು.

ಅಂದರೆ ಕೊರತೆ ಇದ್ದದ್ದು ತಂತ್ರಜ್ಞಾನದ್ದಲ್ಲ. ಕೊಳ್ಳುವವನು, ಮಾರುವವನು, ತಯಾರಿಸುವವನು, ಈ ಮೂವರ ಪೆಟ್ಟಿಗೆಯನ್ನೂ ಇನ್ಯಾರೋ ಹೊರುತ್ತಿದ್ದರು. ನಮ್ಮ ನಿಲ್ದಾಣಗಳಲ್ಲಿ ಕೆಂಪಂಗಿ ತೊಟ್ಟು, ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಕೂಲಿಯ ತಲೆ ಇತ್ತು. ಅಪ್ಪನಂಥವರಿಗೆ ಕೂಲಿಗೆ ಕೊಡಲು ಕಾಸಿರಲಿಲ್ಲ; ಅಂಥವರ ಅಂಗೈ ಬೊಕ್ಕೆ ಕಂಪನಿಗಳ ಲೆಕ್ಕಕ್ಕೆ ಬರುವಂಥದ್ದಲ್ಲ.

ಹೀಗೆ ನೋಡತೊಡಗಿದರೆ ತಡವಾಗಿ ಬಂದ ಸರಳ ವಸ್ತುಗಳು ಹಲವು. ಆಹಾರವನ್ನು ಡಬ್ಬಿಯಲ್ಲಿ ಕೆಡದಂತೆ ಇಡುವ ಪೇಟೆಂಟ್ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್‌ಗೆ ಸಿಕ್ಕಿದ್ದು 1810ರಲ್ಲಿ. ಅಮೆರಿಕದಲ್ಲಿ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ 48 ವರ್ಷ ಜನ ಉಳಿ ಸುತ್ತಿಗೆಯಿಂದಲೇ ಡಬ್ಬಿ ಒಡೆಯುತ್ತಿದ್ದರು. ಆ ಡಬ್ಬಿಗಳ ಮೊದಲ ದೊಡ್ಡ ಗಿರಾಕಿ ಸೈನ್ಯ. ತೆರೆಯುವ ಪಾಡು ಸಿಪಾಯಿಯದು.

ನಮ್ಮ ಅಡುಗೆಮನೆಯ ಕತೆ ಇನ್ನೂ ಹತ್ತಿರದ್ದು. ಯುರೋಪಿನಿಂದ ಬಂದ ಮಿಕ್ಸರುಗಳು ಹಣ್ಣಿನ ರಸಕ್ಕೆ, ಕೇಕಿನ ಹಿಟ್ಟಿಗೆ ಸರಿ. ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ ಹಾಕಿದರೆ ಅವುಗಳ ಮೋಟಾರು ತಾಳುತ್ತಿರಲಿಲ್ಲ. 1960ರ ದಶಕದಲ್ಲಿ ಇದೇ ಮುಂಬೈಯಲ್ಲಿ, ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ವಿದೇಶಿ ಮಿಕ್ಸರು ಕೆಟ್ಟು ಕೂತಿತು. ಪತ್ನಿಯ ತೊಂದರೆ ನೋಡಿ ಅವರು ನಮ್ಮ ಅರೆತಕ್ಕೆ ತಕ್ಕ ಮೋಟಾರು, ಜಾರು, ಬ್ಲೇಡು ರೂಪಿಸಿದರು. ಅದೇ ಸುಮೀತ್ ಮಿಕ್ಸಿ. ಒಂದು ಖೋಲಿಯಲ್ಲಿ ಸಂಸಾರ ಹೂಡಿದ ನಮ್ಮವರಿಗೆ ಒರಳು ಇಡಲು ಎಲ್ಲಿ ಜಾಗ? ಚಾಳಿನ ಬದುಕಿನಲ್ಲೂ ಮನೆಯ ಚಟ್ನಿಯ ರುಚಿ ಉಳಿದದ್ದರಲ್ಲಿ ಈ ಮಿಕ್ಸಿಗೂ ಪಾಲಿದೆ. ಆದರೆ ಅದಕ್ಕೆ ಮುಂಚೆ ಎಷ್ಟು ತಲೆಮಾರಿನ ಹೆಂಗಸರು ಕಲ್ಲಿನ ಮುಂದೆ ಕೂತು ಭುಜ ಸವೆಸಿದ್ದರು! ಆ ನೋವು ಮೋಟಾರು ಬಲ್ಲವನ ಮನೆಯೊಳಗೇ ಬಂದಾಗ ಪರಿಹಾರ ಹುಟ್ಟಿತು.

ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲೂ ಇದೇ ನಡೆಯಿತು. ಕೊನೆ ಕೊಯ್ಯಲು, ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸಲು ಜಾರುವ ಮರ ಹತ್ತುವವರಿದ್ದರು. ಬಿದ್ದು ಸೊಂಟ ಮುರಿದವರ ಕತೆ ಪ್ರತಿ ಊರಲ್ಲೂ ಇದೆ. ಆಗ ಯಂತ್ರದ ಮಾತು ಹೆಚ್ಚು ಕೇಳುತ್ತಿರಲಿಲ್ಲ. ಹತ್ತುವವರ ಮಕ್ಕಳು ಮುಂಬೈ, ಬೆಂಗಳೂರಿಗೆ ದುಡಿಯಲು ಹೊರಟ ಮೇಲೆ ತೋಟದವರೇ ಮರ ನೋಡುತ್ತಾ ನಿಲ್ಲಬೇಕಾಯಿತು. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಮರ ಹತ್ತುವ ಬೈಕ್ ಮಾಡಿದ್ದು ಆ ಸ್ಥಿತಿಯಲ್ಲಿ. 2019ರಲ್ಲಿ ಅದರ ವಿಡಿಯೊ ನಮ್ಮ ಬಹುತೇಕರ ಮೊಬೈಲಿಗೂ ಬಂದಿತ್ತು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಸರಳ ವಸ್ತು ಬಂದಾಗ ಎಲ್ಲರಿಗೂ ಸುಖವಾಗುವುದಿಲ್ಲ. 2016ರ ರೈಲ್ವೆ ಬಜೆಟ್‌ನಲ್ಲಿ ಕೂಲಿಗಳಿಗೆ 'ಸಹಾಯಕ' ಎಂಬ ಗೌರವದ ಹೆಸರು ಕೊಟ್ಟರು. ಆ ಹೊತ್ತಿಗೆ ಚಕ್ರದ ಸೂಟ್‌ಕೇಸ್ ಅವರ ಸಂಪಾದನೆಯನ್ನು ಕಡಿಮೆ ಮಾಡಿಯಾಗಿತ್ತು. ಅಮ್ಮ ಸೂಟ್‌ಕೇಸ್ ಉರುಳಿಸಿಕೊಂಡು ಬರುವಾಗ ಠಾಣೆಯ ಕಂಬದ ಬಳಿ ಕೂತ ಇಬ್ಬರು ಕೆಂಪಂಗಿಯವರು ಅದನ್ನೇ ನೋಡುತ್ತಿದ್ದರು.

ಇನ್ನೊಂದು ಬಗೆಯ ಚರಿತ್ರೆಯೂ ಇದೆ: ವಸ್ತು ಇದ್ದೂ ಕೊಡದಿರುವುದು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕಳೆ ಕೀಳುವ ಕೂಲಿಗಳಿಗೆ, ಅವರಲ್ಲಿ ಬಹುಪಾಲು ಮೆಕ್ಸಿಕೋ ಮೂಲದವರು, ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ಎರಡಾಗಿ ಬಗ್ಗಿಯೇ ಕೆಲಸ. ಉದ್ದ ಹಿಡಿಯ ಗುದ್ದಲಿ ಪ್ರಪಂಚದಲ್ಲಿ ಇರಲಿಲ್ಲವೇ? ಇತ್ತು. ಗಿಡ್ಡ ಹಿಡಿಯಿಂದ ಕೆಲಸ ನಾಜೂಕಾಗುತ್ತದೆ ಎಂಬುದು ಮಾಲೀಕರ ವಾದ. ಯಾರು ಬೆನ್ನು ನೆಟ್ಟಗೆ ಮಾಡಿ ನಿಂತರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು ಎಂಬುದು ಕೂಲಿಗಳ ಅನುಭವ. ಬೆನ್ನುಮೂಳೆ ಹಾಳಾಗುವ ಬಗ್ಗೆ ವೈದ್ಯರು ಸಾಕ್ಷಿ ಹೇಳಿ, ವ್ಯಾಜ್ಯ ಮೇಲಿನ ಕೋರ್ಟಿನವರೆಗೆ ಹೋಗಿ, 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು.

ಇನ್ನೂ ಹುಟ್ಟದ ಸರಳ ವಸ್ತುಗಳ ಪಟ್ಟಿ ಮಾಡಿ ಎಂದರೆ ನಮ್ಮಂಥವರು ಫೋನು, ಚಾರ್ಜರು, ಆ್ಯಪ್ ಎಂದು ಶುರು ಮಾಡುತ್ತೇವೆ. ನಮಗೆ ಕಾಣುವುದು ನಮ್ಮ ತೊಂದರೆ ಮಾತ್ರ. ಈ ಚರಿತ್ರೆ ಓದಿದ ಮೇಲೆ ನನ್ನ ಪಟ್ಟಿ ಬೇರೆಯಾಗಿದೆ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ಸಿಲಿಂಡರ್ ತರುವವನ ಹೆಗಲಿಗೆ ಒಂದು ಆಸರೆ ಬೇಕು. ಒಳಗಿನ ಗ್ಯಾಸೇ 14.2 ಕಿಲೋ, ಉಕ್ಕಿನ ತೂಕ ಬೇರೆ. ಮೇಲಿನ ಬರ್ತ್ ಸಿಕ್ಕಿದ ಎಪ್ಪತ್ತರ ಮುದುಕಿ ಯಾರ ಕಾಲೂ ಹಿಡಿಯದೆ ಹತ್ತಬಲ್ಲ ಮೆಟ್ಟಿಲು ಬೇಕು. ನಾಟಿ ಮಾಡುವ ಹೆಂಗಸಿಗೆ ಸೊಂಟ ಬಗ್ಗಿಸದೆ, ಸಣ್ಣ ಗದ್ದೆಯಲ್ಲೂ ನಡೆಯುವ, ಅವಳೇ ಕೊಳ್ಳಬಲ್ಲ ಬೆಲೆಯ ಸಾಧನ ಬೇಕು.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಷ್ಟರಲ್ಲಿ ಮನೆಗೆಲಸದ ಮೌಶಿ ಬಂದು, ಸೋಫಾದ ಅಡಿಗೆ ಕೈ ಚಾಚಿ, ಕುಕ್ಕರಗಾಲಿನಲ್ಲಿ ಕೂತು ಬಟ್ಟೆಯಿಂದ ನೆಲ ಒರೆಸತೊಡಗಿದರು. ಅಮ್ಮ ಅವರನ್ನೇ ನೋಡುತ್ತಿದ್ದು, "ಉದ್ದ ಕೋಲಿನದ್ದು ಬರುತ್ತದಲ್ಲ, ಅದು ಈ ಊರಲ್ಲಿ ಸಿಗುವುದಿಲ್ಲವಾ?" ಎಂದು ಕೇಳಿದರು.

ಸಿಗುತ್ತದೆ. ನಮ್ಮ ಬಾಲ್ಕನಿಯಲ್ಲೇ ಒಂದಿದೆ. ಅವರು ರಜೆ ಹಾಕಿದ ದಿನ ನಾನು ಒರೆಸುವುದು ಅದರಲ್ಲೇ. ಕೋಲಿನದ್ದರಿಂದ ಮೂಲೆ ಚೊಕ್ಕವಾಗುವುದಿಲ್ಲ, ಕೈಯಲ್ಲೇ ಒರೆಸಿ ಎಂದು ಎರಡು ವರ್ಷದ ಹಿಂದೆ ಮೌಶಿಗೆ ಹೇಳಿದವನೂ ನಾನೇ. ಎದ್ದು ಹೋಗಿ ಅದನ್ನು ತಂದುಕೊಟ್ಟೆ. ಅವರು ನನ್ನ ಮುಖ ಒಮ್ಮೆ ನೋಡಿ, ಏನೂ ಹೇಳದೆ ತೆಗೆದುಕೊಂಡರು.