ಸಾಲಗಾಮೆ ರಸ್ತೆಯಲ್ಲಿ ಲಗಾಮು

ಅರಸೀಕೆರೆಯಲ್ಲಿ ರೈಲು ಇಳಿದು, ಹಳೇಬೀಡು, ಬೇಲೂರು ನೋಡಿಕೊಂಡು ಹಾಸನದಲ್ಲಿ ತಂಗುವ ಪ್ರವಾಸಿಗರು ಸಾಲಗಾಮೆ ರಸ್ತೆಯ ಕಡೆ ತಿರುಗುವುದು ಅಪರೂಪ. ತಿರುಗಿದರೂ ಒಳಗೆ ಬಿಡುವವರಿಲ್ಲ; ಬೇಲಿಯಾಚೆ ಬೆಳ್ಳಗೆ ಕಾಣುವ ಭಾರಿ ಆಂಟೆನಾಗಳನ್ನು ದೂರದಿಂದ ನೋಡಿಯೇ ತೃಪ್ತಿಪಡಬೇಕು. ಇದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಊರವರ ಬಾಯಲ್ಲಿ ಎಂಸಿಎಫ್. 1982ರಿಂದ ಇನ್ಸಾಟ್ ಉಪಗ್ರಹಗಳ ಲಗಾಮು ಇರುವುದು ಇಲ್ಲಿ. ಕರ್ನಾಟಕದ ವಿಶ್ವವಿದ್ಯಾಲಯ, ಪ್ರಯೋಗಾಲಯ, ಕಾರ್ಖಾನೆಗಳು ಒಂದಕ್ಕೊಂದು ಹೇಗೆ ಜೋಡಣೆಯಾದವು ಎಂಬ ಕಥೆ ಹೇಳುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಹೊರಡುತ್ತಾರೆ. ಹಾಸನದಿಂದ ಹೊರಟರೆ ಅದರ ಸ್ವರೂಪವೇ ಬೇರೆ.

ಶುರುವಿನಲ್ಲೇ ಪೆಟ್ಟು ಬಿತ್ತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಅದೇ ಸೆಪ್ಟೆಂಬರಿನಲ್ಲಿ ನಿಯಂತ್ರಣದ ಇಂಧನ ಬರಿದಾಗಿ ಕೈಬಿಟ್ಟಿತು. ಮುಂದಿನ ವರ್ಷ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯದು ಇನ್ನೊಂದು ರಗಳೆ: ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಕಳಿಸಿದ ವಸ್ತು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಹೋಗಿ ಕೈಯಿಂದ ಎಳೆದು ಬಿಡಿಸುವಂತಿಲ್ಲ. ಉಪಗ್ರಹ ಕಟ್ಟಿದ ಫೋರ್ಡ್ ಕಂಪನಿಯ ಎಂಜಿನಿಯರುಗಳೂ ಭಾರತದ ನಿಯಂತ್ರಕರೂ ಹಗಲಿರುಳು ಆದೇಶ ಕಳಿಸುತ್ತ ಕೂತರು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ತೆರೆಯಿತು. ಅಕ್ಟೋಬರಿನಲ್ಲಿ ಉಪಗ್ರಹ ಕೆಲಸಕ್ಕಿಳಿಯಿತು. ದೂರದರ್ಶನ ಊರೂರಿಗೆ ಬಂದದ್ದು, ಹವಾಮಾನ ವರದಿಯಲ್ಲಿ ಮೋಡದ ಚಿತ್ರ ಕಂಡದ್ದು, ದೂರದ ಊರುಗಳಿಗೆ ಟ್ರಂಕ್ ಕರೆಯ ದಾರಿ ತೆರೆದದ್ದು, ಇದಕ್ಕೆಲ್ಲ ಈ ಒಂದೇ ಉಪಗ್ರಹದ ಆಸರೆಯಿತ್ತು.

ಒಮ್ಮೆ ನೆಲೆಗೊಳಿಸಿದ ಮಾತ್ರಕ್ಕೆ ಉಪಗ್ರಹ ತನ್ನ ಪಾಡಿಗೆ ನಿಲ್ಲುವುದಿಲ್ಲ. ಸೂರ್ಯ, ಚಂದ್ರರ ಸೆಳೆತಕ್ಕೆ ಅದು ದಿನೇ ದಿನೇ ಜಾಗ ಬಿಟ್ಟು ಸರಿಯುತ್ತದೆ. ಎಷ್ಟು ಸರಿದಿದೆ ಎಂದು ಅಳೆದು, ಅದರ ಪುಟ್ಟ ರಾಕೆಟ್‌ಗಳನ್ನು ಕ್ಷಣಕಾಲ ಉರಿಸಿ ಮತ್ತೆ ಸ್ವಸ್ಥಾನಕ್ಕೆ ತರಬೇಕು. ವರ್ಷದ ಅಷ್ಟೂ ದಿನ ಪಾಳಿಯ ಮೇಲೆ ನಡೆಯುವ ಈ ದುಡಿಮೆಗೆ ಪತ್ರಿಕೆಗಳಲ್ಲಿ ತಲೆಬರಹ ಸಿಗುವುದಿಲ್ಲ. ಉಡಾವಣೆಗೆ ಚಪ್ಪಾಳೆ, ಕಾಯುವವರಿಗೆ ನೈಟ್ ಶಿಫ್ಟ್!

ಆಕಾಶದ ದಾರಿಗೆ ಅಷ್ಟೊಂದು ಬೆಲೆ ಬಂದದ್ದು ನೆಲದ ಮೇಲಿನ ದಾರಿ ಹದಗೆಟ್ಟಿದ್ದರಿಂದ. ಎಂಬತ್ತರ ದಶಕದಲ್ಲಿ ಫೋನ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಪರಊರಿನ ಕೊಬ್ಬರಿ ಧಾರಣೆ ತಿಳಿಯಬೇಕಾದ ಅರಸೀಕೆರೆಯ ವರ್ತಕ ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರದ ಮೆಟ್ಟಿಲುಗಳು. ಕಂಪ್ಯೂಟರುಗಳು ಪರಸ್ಪರ ಮಾತಾಡಬೇಕಾಗಿದ್ದುದೂ ಇದೇ ತಂತಿಯಲ್ಲಿ.

1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಆರಂಭಿಸಿತು. ಎಜುಕೇಷನ್ ಅಂಡ್ ರಿಸರ್ಚ್ ನೆಟ್‌ವರ್ಕ್ ಎಂಬುದು ಪೂರ್ತಿ ಹೆಸರು. ಇಲಾಖೆಯ ಜೊತೆಗೆ ಐದು ಐಐಟಿಗಳು, ಮುಂಬಯಿಯ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದರ ಮೊದಲ ಪಾಲುದಾರರು. ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅನುರಾಗ್ ಕುಮಾರ್ 1988ರಿಂದ 2003ರವರೆಗೆ ಇದರ ಸಂಯೋಜಕರಾಗಿದ್ದರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ಎನ್‌ಸಿಎಸ್‌ಟಿಯಲ್ಲಿ ಈ ಕೆಲಸದ ನೊಗ ಹೊತ್ತವರು ಶ್ರೀನಿವಾಸನ್ ರಮಣಿ.

ಆಗಿನ ಮಿಂಚಂಚೆ ಹೆಸರಿಗಷ್ಟೇ ಮಿಂಚು. ಇಲ್ಲಿಯ ಕಂಪ್ಯೂಟರ್ ಮೋಡೆಮ್ ಮೂಲಕ ಅಲ್ಲಿಯ ಕಂಪ್ಯೂಟರಿಗೆ ಫೋನ್ ಹಚ್ಚಬೇಕು. ಲೈನ್ ಸಿಕ್ಕಿತೋ, ಎರಡೂ ಕಡೆ ಸಿಳ್ಳೆ ಹೊಡೆದಂಥ ಸದ್ದು. ಗುಡ್ಡೆಹಾಕಿಟ್ಟ ಪತ್ರಗಳನ್ನು ಒಮ್ಮೆಲೇ ಸುರಿದು ಕರೆ ಕಡಿಯಬೇಕು. ಸಿಗಲಿಲ್ಲವೋ, ಮತ್ತೆ ಡಯಲ್. ಹೊರದೇಶದ ಪತ್ರಗಳೆಲ್ಲ ಮುಂಬಯಿಯ ಎನ್‌ಸಿಎಸ್‌ಟಿ ದಾಟಿಯೇ ಹೋಗಬೇಕಿತ್ತು. ಆಮೇಲೆ ಬಂದ ಬಾಡಿಗೆ ಲೈನುಗಳ ವೇಗ ಸೆಕೆಂಡಿಗೆ 9,600 ಬಿಟ್, ಎಂದರೆ ಸಾವಿರ ಚಿಲ್ಲರೆ ಇಂಗ್ಲಿಷ್ ಅಕ್ಷರ. ಈಗ ಫೋನಿನಲ್ಲಿ ತೆಗೆದ ಮೂರು ಎಂಬಿಯ ಒಂದು ಫೋಟೋ ಆ ಲೈನಿನಲ್ಲಿ ದಾಟಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆದರೂ ಅದು ಸಂಶೋಧಕರ ಬದುಕನ್ನೇ ಬದಲಿಸಿತು. ಅಂಚೆಯಲ್ಲಿ ತಿಂಗಳುಗಟ್ಟಲೆ ಓಡಾಡುತ್ತಿದ್ದ ಪ್ರಬಂಧದ ಕರಡಿಗೆ ಎರಡು ದಿನದಲ್ಲಿ ಉತ್ತರ ಬರತೊಡಗಿತು. ಬೆಂಗಳೂರಿನ ವಿಜ್ಞಾನಿಗಳ ವಿಳಾಸದ ಬಾಲದಲ್ಲಿ ‘ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್’ ಎಂಬುದು ಬಹುಕಾಲ ಉಳಿಯಿತು.

ಉದ್ಯಮದವರು ಹಿಡಿದದ್ದು ಬೇರೆಯೇ ದಾರಿ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಚಿಪ್ ವಿನ್ಯಾಸಗಳನ್ನು ಹೊರದೇಶಕ್ಕೆ ಕಳಿಸಲು ಉಪಗ್ರಹ ಸಂಪರ್ಕವನ್ನೇ ಹಾಕಿಸಿಕೊಂಡಿತು. ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಅದರ ಕಚೇರಿ. ಅಂಥ ತಾಕತ್ತು ಎಲ್ಲ ಕಂಪನಿಗಳಿಗೂ ಇರಲಿಲ್ಲ. 1991ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್, ಅಂದರೆ ಎಸ್‌ಟಿಪಿಐ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ತನ್ನದೇ ಭೂಕೇಂದ್ರ ನಿಲ್ಲಿಸಿ ಸಣ್ಣ ಕಂಪನಿಗಳಿಗೂ ಸಂಪರ್ಕ ಹಂಚಿತು. ಭೂಕೇಂದ್ರದಿಂದ ಕಂಪನಿಯ ಬಾಗಿಲವರೆಗಿನ ಕೊನೆಯ ಹಾದಿಗೆ ಟೆಲಿಫೋನ್ ತಂತಿ ನೆಚ್ಚಿಕೊಳ್ಳದೆ ಮೈಕ್ರೋವೇವ್ ರೇಡಿಯೋ ಬಳಸಿದ್ದು ಅದರ ಜಾಣತನ. ಕಟ್ಟಡಗಳ ತಾರಸಿಯ ಮೇಲೆ ಒಂದೊಂದೇ ಆಂಟೆನಾ ಎದ್ದಿತು.

ಹೀಗೆ ಒಂದೇ ಊರಿನಲ್ಲಿ ವಿಜ್ಞಾನಿಗಳಿಗೊಂದು ಜಾಲ, ಕಂಪನಿಗಳಿಗೆ ಇನ್ನೊಂದು. ಅರ್ನೆಟ್ ಶಿಕ್ಷಣ, ಸಂಶೋಧನೆಗಷ್ಟೇ ಮೀಸಲು. ವ್ಯಾಪಾರದ ಪತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಜನಸಾಮಾನ್ಯರಿಗೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಕಾಗದದ ಮೇಲೆ ಗೋಡೆ ಹೀಗಿದ್ದರೂ ಯಂತ್ರಗಳ ಮಟ್ಟದಲ್ಲಿ ಅದು ಅಷ್ಟು ಬಿಗಿಯಾಗಿರಲಿಲ್ಲ. ತಂತಿ ತಲುಪದ ವಿಶ್ವವಿದ್ಯಾಲಯಗಳಿಗೆ ವಿ-ಸ್ಯಾಟ್ ಎಂಬ ಪುಟ್ಟ ಉಪಗ್ರಹ ಆಂಟೆನಾ ಕೊಡಲು ಅರ್ನೆಟ್ ಹೊರಟಾಗ, ಆ ಉಪಗ್ರಹ ಜಾಲದ ಹಬ್ ನೆಲೆಸಿದ್ದು ಬೆಂಗಳೂರಿನ ಎಸ್‌ಟಿಪಿಐನಲ್ಲೇ. ಪಾಠದವರಿಗೂ ವ್ಯಾಪಾರದವರಿಗೂ ಕೊರತೆ ಒಂದೇ ಆಗಿತ್ತು: ನಂಬಬಹುದಾದ ಫೋನ್ ಲೈನ್.

ಹಾಗಾದರೆ ಹಾಸನದ ಪಾಲಿಗೆ ಬಂದದ್ದೇನು? ಎಂಸಿಎಫ್ ಇರುವ ಸಾಲಗಾಮೆ ರಸ್ತೆಯಲ್ಲೇ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ಇದೆ. ಉಪಗ್ರಹಗಳ ಲಗಾಮು ಹಿಡಿದ ರಸ್ತೆಯ ಕಾಲೇಜು ಅರ್ನೆಟ್‌ನ ಮೊದಲ ಪಟ್ಟಿಯಲ್ಲಿರಲಿಲ್ಲ. ಇದನ್ನು ಅನ್ಯಾಯ ಎನ್ನುವುದಕ್ಕಿಂತ ಆ ಕಾಲದ ಲೆಕ್ಕಾಚಾರ ಎನ್ನಬಹುದು: ಮೊದಲು ಮಹಾನಗರ, ದೊಡ್ಡ ಸಂಸ್ಥೆ, ಆಮೇಲೆ ಜಿಲ್ಲೆ.

ಜಿಲ್ಲೆಯ ಕಾಲೇಜುಗಳ ಸರದಿ ಬಂದದ್ದು 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಹುಟ್ಟಿದ ಬಳಿಕ. ರಾಜ್ಯದ ತುಂಬ ಚದುರಿದ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯ, ಎಲ್ಲ ಕಡೆ ಒಳ್ಳೆಯ ಅಧ್ಯಾಪಕರ ಅಭಾವ. ಇನ್ಸಾಟ್-3ಬಿ ಮೂಲಕ ಪಾಠ ಬಿತ್ತರಿಸುವ ಪ್ರಾಯೋಗಿಕ ಯೋಜನೆಗೆ ಇಸ್ರೋ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಪಾಠಕ್ಕೆಂದೇ ಮಾಡಿದ ಉಪಗ್ರಹ ಅದು. ಮೈಸೂರಿನ ಸ್ಟುಡಿಯೋದಲ್ಲಿ ಅಧ್ಯಾಪಕರು ಬೋರ್ಡಿನ ಮುಂದೆ ನಿಂತು ಹೇಳಿದ ಪಾಠ ಆಕಾಶಕ್ಕೇರಿ ಕಾಲೇಜುಗಳ ಪರದೆಯ ಮೇಲೆ ಇಳಿಯಿತು. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು. ವಿದ್ಯಾರ್ಥಿ ಪ್ರಶ್ನೆ ಕೇಳಿ ಉತ್ತರದ ಮೊದಲ ಪದ ಕಿವಿಗೆ ಬೀಳಲು ಕಡಿಮೆಯೆಂದರೂ ಅರ್ಧ ಸೆಕೆಂಡು. ಆ ಸಣ್ಣ ತಡವರಿಕೆಗೆ ಎರಡೂ ಕಡೆಯವರು ಒಗ್ಗಿಕೊಳ್ಳಬೇಕಿತ್ತು. 2010ರಲ್ಲಿ ಎಜುಸ್ಯಾಟ್‌ನ ಆಯಸ್ಸು ಮುಗಿಯಿತು.

ಅದೇ 2010ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 1,500 ಸಂಸ್ಥೆಗಳನ್ನು ಫೈಬರ್ ಮೂಲಕ ಬೆಸೆಯುವ ಯೋಜನೆ. ಜಾಲ ಆಕಾಶದಿಂದ ಮತ್ತೆ ನೆಲಕ್ಕಿಳಿಯಿತು. ಫೈಬರ್ ಒದಗಿಸಿದವರಲ್ಲಿ ಬಿಎಸ್‌ಎನ್‌ಎಲ್, ಪವರ್‌ಗ್ರಿಡ್ ಜೊತೆಗೆ ರೈಲ್‌ಟೆಲ್ ಕೂಡ ಇತ್ತು. ರೈಲ್ವೆ ಇಲಾಖೆ 2000ದಲ್ಲಿ ಹುಟ್ಟುಹಾಕಿದ ಈ ಕಂಪನಿಯ ಬಂಡವಾಳವೆಂದರೆ ಹಳಿಗಳ ಪಕ್ಕದ ಜಾಗ. ಹಿಂದೆ ಟೆಲಿಗ್ರಾಫ್ ಕಂಬಗಳು ನಿಂತಿದ್ದ ಪಟ್ಟಿಯಲ್ಲೇ ಗಾಜಿನೆಳೆ ಹೂಳಿದರೆ ಆಯಿತು, ಯಾರ ಹೊಲವನ್ನೂ ಕೇಳಬೇಕಿಲ್ಲ. ಇಂಥ ಲೆಕ್ಕದಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು, ಹಾಸನದ ಹಳಿ ಬಂದು ಸೇರುವ ಅರಸೀಕೆರೆಯಂಥ ಜಂಕ್ಷನ್ನಿನ ಭಾಗ್ಯ ಖುಲಾಯಿಸುತ್ತದೆ. ಶಿಲ್ಪಕ್ಕೆ ಜಗತ್ಪ್ರಸಿದ್ಧವಾದರೂ ರೈಲಿಲ್ಲದೆ ಉಳಿದ ಬೇಲೂರು, ಹಳೇಬೀಡುಗಳು ರಸ್ತೆ ಪಕ್ಕದ ಕೇಬಲ್ಲನ್ನೂ ಮೊಬೈಲ್ ಗೋಪುರವನ್ನೂ ನೆಚ್ಚಬೇಕಾಯಿತು. 2023ರಲ್ಲಿ ಸೋಮನಾಥಪುರದ ಜೊತೆ ಅವು ಯುನೆಸ್ಕೋ ಪಟ್ಟಿ ಸೇರಿದ್ದು ಬೇರೆ ಮಾತು.

ಅರ್ನೆಟ್ ಮೂಲೆಗುಂಪಾಗಲಿಲ್ಲ. 1998ರಲ್ಲಿ ಸ್ವಾಯತ್ತ ಸೊಸೈಟಿಯಾಗಿ ಬದಲಾದ ಅದು, ಶಿಕ್ಷಣ ಸಂಸ್ಥೆಗಳಿಗೆ ‘ಎಸಿ ಡಾಟ್ ಇನ್’ ಹೆಸರುಗಳನ್ನು ನೋಂದಾಯಿಸಿಕೊಡುವ ಕೆಲಸ ಮಾಡುತ್ತ ಬಂದಿದೆ. ಸಾಲಗಾಮೆ ರಸ್ತೆಯ ಮಲೆನಾಡು ಕಾಲೇಜಿನ ಅಂತರ್ಜಾಲ ವಿಳಾಸವೂ ಅದೇ ಬಾಲದ್ದು: ಎಂಸಿಇ ಹಾಸನ್ ಡಾಟ್ ಎಸಿ ಡಾಟ್ ಇನ್.