ಲಲಿತ ಮಹಲ್: ಅತಿಥಿಗೆಂದೇ ಕಟ್ಟಿದ ಅರಮನೆ

ಅರಮನೆಯೊಂದು ಹೋಟೆಲಾಗಿ ಮಾರ್ಪಟ್ಟರೆ ಅದನ್ನು ವೈಭವದ ಅವಸಾನವೆಂದು ಬಗೆಯುವುದು ವಾಡಿಕೆ. ಜಯಪುರದ ರಾಮಬಾಗ್ ಅರಮನೆ 1957ರಲ್ಲಿ, ಉದಯಪುರದ ಪಿಚೋಲಾ ಸರೋವರದ ನಡುವಿನ ಜಗನಿವಾಸ 1963ರಲ್ಲಿ ಹೋಟೆಲುಗಳಾದವು. ಅವು ರಾಜಮನೆತನದವರ ಸ್ವಂತ ನಿವಾಸಗಳು. ಆದ್ದರಿಂದ ಅಲ್ಲಿ ಕಟ್ಟಡದ ಉದ್ದೇಶವೇ ಬದಲಾಯಿತು. 1974ರಲ್ಲಿ ಹೋಟೆಲಾದ ಮೈಸೂರಿನ ಲಲಿತ ಮಹಲ್‌ನ ಸಂಗತಿ ಇದಕ್ಕಿಂತ ಭಿನ್ನವಾದುದು. ಅದರ ವಾಸ್ತುವನ್ನು ಅರಿಯಲು ಈ ಭೇದವನ್ನು ಮೊದಲು ಗಮನಿಸಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಚಾಮುಂಡಿ ಬೆಟ್ಟಕ್ಕೆ ಅನತಿದೂರದ ಎತ್ತರದ ನೆಲದಲ್ಲಿ ಈ ಭವನದ ನಿರ್ಮಾಣಕ್ಕೆ ತೊಡಗಿದರು. ಅದು ಭಾರತದ ವೈಸರಾಯ್ ಮೈಸೂರಿಗೆ ಬಂದಾಗ ತಂಗುವುದಕ್ಕಾಗಿ ಉದ್ದೇಶಿತವಾಗಿತ್ತು. ಐರೋಪ್ಯ ಅತಿಥಿಗಳಿಗೆ ಬೇಕಾದ ಮಾಂಸಾಹಾರವನ್ನು ಅರಮನೆಯೊಳಗೆ ಬಡಿಸುವಂತಿರಲಿಲ್ಲವಾದ್ದರಿಂದ ಪ್ರತ್ಯೇಕ ಭವನ ಬೇಕಾಯಿತೆಂಬ ಹೇಳಿಕೆಯೂ ಪ್ರಚಲಿತವಾಗಿದೆ. ‘ಅರಮನೆ’ ಎಂದರೆ ಅರಸನ ಮನೆ. ಈ ಅರ್ಥದಲ್ಲಿ ಲಲಿತ ಮಹಲ್ ಅರಮನೆಯಲ್ಲ. ಅರಸನು ಕಟ್ಟಿಸಿದ ಬಿಡದಿಮನೆ. ಸಂಸ್ಕೃತದ ‘ಲಲಿತ’ಕ್ಕೆ ಅರಬ್ಬೀ ಮೂಲದ ‘ಮಹಲ್’ ಸೇರಿದ ಹೆಸರೂ ಎರಡು ಪರಂಪರೆಗಳ ಕೂಡಿಕೆಯೇ ಆಗಿದೆ.

ಈ ಅಂಶ ನಗರದೊಳಗಣ ಅಂಬಾವಿಲಾಸ ಅರಮನೆಯೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. 1897ರ ಬೆಂಕಿಯಲ್ಲಿ ಹಳೆಯ ಅರಮನೆ ನಾಶವಾದ ಬಳಿಕ ಹೆನ್ರಿ ಇರ್ವಿನ್ ರೂಪಿಸಿ, 1912ರಲ್ಲಿ ಮುಗಿದ ಆ ಕಟ್ಟಡದ ಶೈಲಿ ಇಂಡೋ-ಸಾರ್ಸೆನಿಕ್. ಕಲ್ಯಾಣಮಂಟಪ, ದರ್ಬಾರು ಸಭಾಂಗಣಗಳಿರುವ ಅದು ಪ್ರಜೆಗಳಿಗೆ ಅರಸನನ್ನು ತೋರಿಸುವ ರಂಗಸ್ಥಳ. ಇ. ಡಬ್ಲ್ಯೂ. ಫ್ರಿಚ್ಲಿ ರೂಪಿಸಿದ ಲಲಿತ ಮಹಲ್ ಮಾತ್ರ ಅಚ್ಚ ಐರೋಪ್ಯ ಶೈಲಿಯದು. ಅದರ ನಡುಗುಮ್ಮಟಕ್ಕೆ ಲಂಡನ್ನಿನಲ್ಲಿ ಕ್ರಿಸ್ಟೋಫರ್ ರೆನ್ ಕಟ್ಟಿದ ಸೇಂಟ್ ಪಾಲ್ ಕ್ಯಾಥೆಡ್ರಲ್ ಮಾದರಿಯೆಂದು ಹೇಳಲಾಗುತ್ತದೆ. ಒಬ್ಬನೇ ಅರಸನ ಆಳ್ವಿಕೆಯಲ್ಲಿ, ಸುಮಾರು ಒಂದು ದಶಕದ ಅಂತರದಲ್ಲಿ, ತನ್ನವರಿಗೊಂದು ಮತ್ತು ಪರರಿಗೊಂದು ಎಂಬಂತೆ ಎರಡು ವಾಸ್ತುಭಾಷೆಗಳು ಬಳಕೆಯಾದವು. ಅತಿಥಿಗೆ ಅವನ ನುಡಿಯಲ್ಲೇ ಸ್ವಾಗತ ಕೋರುವ ಸೌಜನ್ಯ ಇಲ್ಲಿದೆ. ಆಳುವವರ ಅಭಿರುಚಿಗೆ ತಲೆಬಾಗಬೇಕಾದ ಅಧೀನತೆಯೂ ಇದೆ. ಇವೆರಡನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ.

ಕಟ್ಟಡದ ಒಳವಿನ್ಯಾಸವೂ ಆಗಂತುಕನ ನಡೆಯನ್ನೇ ಅನುಸರಿಸುತ್ತದೆ. ಮುಂಚಾಚಿದ ಪೋರ್ಟಿಕೋ, ಜೋಡಿಜೋಡಿಯಾಗಿ ನಿಂತ ಅಯೋನಿಕ್ ಕಂಬಗಳು, ಗುಮ್ಮಟದ ಕೆಳಗಣ ವೃತ್ತಾಕಾರದ ಪ್ರವೇಶಾಂಗಣ, ಇಟಲಿಯ ಅಮೃತಶಿಲೆಯ ಮೆಟ್ಟಿಲುಗಳು, ನೃತ್ಯಾಂಗಣ, ಭೋಜನಶಾಲೆ ಎಲ್ಲವೂ ಬಂದವನನ್ನು ಬರಮಾಡಿಕೊಳ್ಳುವ ಏರ್ಪಾಡುಗಳು. ಗಾಜಿನ ಬಣ್ಣದ ಕೆಲಸ ಬಾಗಿಲು, ಕಿಟಕಿ, ಮೇಲ್ಛಾವಣಿಗಳಲ್ಲೆಲ್ಲ ಹರಡಿದೆ.

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಮಾಜಿ ಅರಸರ ರಾಜಧನ ರದ್ದಾಯಿತು. ಅದಾದ ಮೂರು ವರ್ಷಗಳಲ್ಲಿ ಲಲಿತ ಮಹಲ್ ಹೋಟೆಲಾಗಿ ಅಶೋಕ ಸಮೂಹಕ್ಕೆ ಸೇರಿತು. ನೃತ್ಯಾಂಗಣ ಊಟದ ಹಜಾರವಾಯಿತು. ಹಳೆಯ ಲಿಫ್ಟ್ ಬಳಕೆಯಲ್ಲೇ ಉಳಿಯಿತು. ಆಹಾರಭೇದದ ಕಾರಣಕ್ಕೆ ಹುಟ್ಟಿತೆಂದು ಹೇಳಲಾಗುವ ಮನೆಯ ಅತ್ಯಂತ ಭವ್ಯವಾದ ಅಂಗಣದಲ್ಲಿ ಇಂದು ಯಾರು ಬೇಕಾದರೂ ಕುಳಿತು ಉಣ್ಣಬಹುದು. ಹಣ ತೆರುವ ಶಕ್ತಿಯೊಂದಿದ್ದರೆ ಸಾಕು.

ಆದ್ದರಿಂದ ಇಲ್ಲಿ ಬದಲಾದದ್ದು ಮನೆಯ ಉದ್ದೇಶವಲ್ಲ, ‘ಅತಿಥಿ’ ಎಂಬ ಪದದ ಅರ್ಥ. ಹುದ್ದೆಯಿಂದ ಅತಿಥಿಯಾಗುತ್ತಿದ್ದವನ ಸ್ಥಾನಕ್ಕೆ ಹಣದಿಂದ ಅತಿಥಿಯಾಗುವವನು ಬಂದಿದ್ದಾನೆ. ಸಂರಕ್ಷಣೆಯ ಪ್ರಶ್ನೆಯನ್ನೂ ಈ ನೆಲೆಯಲ್ಲಿ ಪರಿಶೀಲಿಸಬೇಕು. ಜನರ ಓಡಾಟವೇ ಇಂಥ ಕಟ್ಟಡಕ್ಕೆ ಹಾನಿಯೆಂದು ಬಾಗಿಲು ಮುಚ್ಚಿದರೆ ಅದರ ಹುಟ್ಟಿನ ಕಾರಣವನ್ನೇ ಮರೆತಂತೆ. ಹಾಗೆಂದು ಲಾಭಕ್ಕಾಗಿ ಕೋಣೆಗಳನ್ನು ಒಡೆದು ವಿಂಗಡಿಸಿದರೆ ಪೋರ್ಟಿಕೋದಿಂದ ಅಂಗಣಕ್ಕೆ, ಅಂಗಣದಿಂದ ಮೆಟ್ಟಿಲಿಗೆ ಸಾಗುವ ಸ್ವಾಗತದ ಕ್ರಮವೇ ಕಡಿದುಹೋಗುತ್ತದೆ. ಕಾಪಾಡಬೇಕಾದುದು ಅಮೃತಶಿಲೆ, ಗಾಜುಗಳನ್ನಷ್ಟೇ ಅಲ್ಲ, ಈ ಕ್ರಮವನ್ನೂ ಕೂಡ.