ತೂಕ ಕಳೆದುಕೊಂಡ ಕಟ್ಟಡಗಳು: ಒನಾಗಾವಾ ಮತ್ತು ಕಾಮಾಯಿಶಿಯ ಸಾಕ್ಷ್ಯ

2011ರ ಮಾರ್ಚ್ 11ರ ಸುನಾಮಿ ಇಳಿದ ಮೇಲೆ ಜಪಾನಿನ ಒನಾಗಾವಾ ಪಟ್ಟಣದಲ್ಲಿ ಎರಡಂತಸ್ತಿನ ಪೊಲೀಸ್ ಚೌಕಿಯೊಂದು ಪಕ್ಕಕ್ಕೆ ಮಗುಚಿ ಬಿದ್ದಿತ್ತು. ತಳದಲ್ಲಿ ಕಿತ್ತ ಪೈಲುಗಳು, ಅಂದರೆ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳು, ಚಾಚಿಕೊಂಡಿದ್ದವು. ಕಂಬ, ತೊಲೆ, ಗೋಡೆಗಳ ಚೌಕಟ್ಟು ಬಹುಮಟ್ಟಿಗೆ ಇಡಿಯಾಗಿಯೇ ಉಳಿದಿತ್ತು. ಮರದ ಮನೆಗಳು ಕೊಚ್ಚಿಹೋಗುವುದು ಹೊಸತಲ್ಲ. ಕಾಂಕ್ರೀಟ್ ಕಟ್ಟಡ ಒಡೆಯದೆ ಬುಡಸಮೇತ ಏಳುವುದಕ್ಕೆ ಬೇರೆ ವಿವರಣೆ ಬೇಕು.

ವಿನ್ಯಾಸಕಾರರು ಮೊದಲು ನೋಡುವುದು ಅಡ್ಡಬಲವನ್ನು. ಜಪಾನಿನ ಮಾರ್ಗಸೂಚಿಯ ಪ್ರಕಾರ, ಕಡಲಿಗೆ ನೇರ ಮೈಯೊಡ್ಡಿದ ಕಟ್ಟಡಕ್ಕೆ ನಿರೀಕ್ಷಿತ ನೀರಿನ ಆಳದ ಮೂರು ಪಟ್ಟು ಎತ್ತರದ ನಿಂತ ನೀರಿನ ಒತ್ತಡವನ್ನು ಹಿಡಿಯಬೇಕು. ಆಗ ಬಲ ಒಂಬತ್ತು ಪಟ್ಟಾಗುತ್ತದೆ. 3 ಮೀಟರ್ ಆಳದ ನಿಂತ ನೀರು ಗೋಡೆಯ ಪ್ರತಿ ಮೀಟರ್ ಅಗಲವನ್ನು 4.5 ಟನ್ನಿನಷ್ಟು ತಳ್ಳಿದರೆ, ಈ ಲೆಕ್ಕದಲ್ಲಿ 9 ಮೀಟರ್ ಎತ್ತರದ ಗೋಡೆಯ ಮೇಲೆ ಸುಮಾರು 40 ಟನ್.

ಇದನ್ನು ಎದುರಿಸಲು ಕಟ್ಟಡಕ್ಕಿರುವ ಆಸರೆಗಳಲ್ಲಿ ಅದರ ತೂಕವೂ ಒಂದು. ನೀರು ಕಸಿಯುವುದು ಅದನ್ನೇ. ಕಾಂಕ್ರೀಟ್ ಕಟ್ಟಡದ ಒಂದು ಅಂತಸ್ತು ಚದರ ಮೀಟರಿಗೆ ಅಂದಾಜು 1ರಿಂದ 1.5 ಟನ್ ತೂಗುತ್ತದೆ. ಒಳಗೆ ನೀರು ನುಗ್ಗದಂತೆ ಭದ್ರವಾಗಿರುವ 3 ಮೀಟರ್ ಎತ್ತರದ ಅಂತಸ್ತು ಮುಳುಗಿದರೆ ಅದೇ ಚದರ ಮೀಟರನ್ನು ಮೇಲೆತ್ತುವ ಬಲ 3 ಟನ್. ಲೆಕ್ಕದ ಪ್ರಕಾರ ಅದು ದೋಣಿಯೇ. ವಾಸ್ತವದಲ್ಲಿ ಗಾಜು ಒಡೆದು ನೀರು ಒಳಬರುತ್ತದೆ. ಆದರೂ ಕಿಟಕಿಯ ಮೇಲಂಚಿಗಿಂತ ಮೇಲೆ, ತೊಲೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅರ್ಧ ಮೀಟರ್ ದಪ್ಪದ ಗಾಳಿಯೂ ಚದರ ಮೀಟರಿಗೆ ಅರ್ಧ ಟನ್ ತೂಕ ಇಳಿಸಿಬಿಡುತ್ತದೆ. ಒನಾಗಾವಾದ ಶೈತ್ಯಾಗಾರವೊಂದು ಪೈಲುಗಳಿಂದ ಕಳಚಿಕೊಂಡು ತೇಲಿ ಹೋದದ್ದು ಇದೇ ಕಾರಣಕ್ಕೆ. ಶೈತ್ಯಾಗಾರಕ್ಕೆ ಕಿಟಕಿ ಇಡುವವರು ಯಾರು? ಪೈಲುಗಳಾದರೂ ಭಾರ ಹೊರಲು ಹಾಕಿದವು, ಮೇಲೆಳೆಯುವ ಬಲವನ್ನು ತಡೆಯಲು ಅಲ್ಲ.

ಅದೇ ಸುನಾಮಿಗೆ ಸಿಕ್ಕ ಜಪಾನಿನ ಕಾಮಾಯಿಶಿ ಊರಿನ ಬ್ರೇಕ್‌ವಾಟರ್‌ನ, ಅಂದರೆ ಕಡಲಿನಲ್ಲಿ ಕಟ್ಟಿದ ಅಲೆತಡೆ ಗೋಡೆಯ, ಕಥೆಯಲ್ಲೂ ಸೋತದ್ದು ಬುಡ. 63 ಮೀಟರ್ ಆಳದಲ್ಲಿ, ಕಲ್ಲಿನ ದಿಬ್ಬದ ಮೇಲೆ ಕೈಸನ್ ಎಂಬ ಭಾರಿ ಕಾಂಕ್ರೀಟ್ ಪೆಟ್ಟಿಗೆಗಳನ್ನು ಕೂರಿಸಿ ಕಟ್ಟಿದ ಅದು 2009ರಲ್ಲಿ ಮುಗಿದಿತ್ತು. ಕಡಲ ಕಡೆಯ ನೀರಿನ ಮಟ್ಟ ಒಳಬದಿಗಿಂತ ಬಹಳ ಏರಿತು. ಈ ವ್ಯತ್ಯಾಸ ಕೈಸನ್‌ಗಳನ್ನು ತಳ್ಳಿತು, ಮೇಲಿನಿಂದ ಉಕ್ಕಿ ಬಿದ್ದ ನೀರು ಹಿಂಬದಿಯ ದಿಬ್ಬವನ್ನು ಕೊರೆಯಿತು. ಹಲವು ಪೆಟ್ಟಿಗೆಗಳು ಜಾರಿ ಉರುಳಿದವು. ಹಾಗೆಂದು ಗೋಡೆ ವ್ಯರ್ಥವಾಯಿತು ಎನ್ನುವುದು ಆತುರದ ತೀರ್ಪು: ಬೀಳುವ ಮುನ್ನ ಅದು ಅಲೆಯನ್ನು ತಗ್ಗಿಸಿ, ಊರಿಗೆ ಕೆಲವು ನಿಮಿಷಗಳ ಬಿಡುವು ಕೊಟ್ಟಿತು ಎಂದು ನಂತರದ ಗಣಕ ಅಧ್ಯಯನ ತೋರಿಸಿದೆ. ಉಕ್ಕಿ ಹರಿದರೂ ಥಟ್ಟನೆ ಕುಸಿಯದಂತೆ ಹಿಂಬದಿಗೆ ಕಲ್ಲಿನ ಆಸರೆ ಕೊಡುವ ಪದ್ಧತಿ ಜಪಾನಿನಲ್ಲಿ ಗಟ್ಟಿಯಾದದ್ದು ಈ ದುರಂತದ ಬಳಿಕ.

ಹಾಗಾದರೆ ಕಟ್ಟಡಗಳ ಕೆಳಅಂತಸ್ತಿನಲ್ಲಿ ಧಾರಾಳವಾಗಿ ತೆರಪು ಬಿಟ್ಟರೆ ಸಾಕೇ? ನೀರು ಒಳಹೊಕ್ಕು ಹಾಯ್ದುಹೋದರೆ ಅಡ್ಡಬಲವೂ ತೇಲುಬಲವೂ ತಗ್ಗುತ್ತವೆ, ನಿಜ. ಆದರೆ ಸುನಾಮಿ ಬರಿಯ ನೀರನ್ನು ತರುವುದಿಲ್ಲ. ಕಾರು, ಮರದ ದಿಮ್ಮಿ, ಮುರಿದ ಮನೆಗಳು ಕಂಬಗಳ ನಡುವೆ ಸಿಲುಕಿದರೆ ನಕ್ಷೆಯಲ್ಲಿನ ತೆರಪು ಗೋಡೆಯಾಗುತ್ತದೆ. ಅಮೆರಿಕದ ಎಎಸ್‌ಸಿಇ 7 ಮಾನದಂಡ 2016ರ ಆವೃತ್ತಿಯಿಂದ, ತೆರೆದ ಕಟ್ಟಡದ ಮುಖದಲ್ಲೂ ಕನಿಷ್ಠ ಅರ್ಧಭಾಗ ಮುಚ್ಚಿದೆಯೆಂದೇ ಹಿಡಿದು ಬಲವನ್ನು ಲೆಕ್ಕ ಹಾಕುತ್ತದೆ.